ಅಸಹಾಯರ ಹೊಣೆ ಯಾವ ನ್ಯಾಯಾಸನದ್ದು?

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ತಾಲ್ಲೂಕುಗಳು ಹಿಂದಿನಿಂದಲೂ ಸೀಮೆಯ ನಾಡು. ಪಶ್ಚಿಮಕ್ಕೆ ಗೋವೆ, ಉತ್ತರಕ್ಕೆ ಬೆಳಗಾವಿ, ಪೂರ್ವಕ್ಕೆ ಧಾರವಾಡ ಮತ್ತು ಹಾವೇರಿ. ಇಲ್ಲಿಯ ಮನೆತನಗಳ ನಂಟು ಎಂದೂ ಒಂದೇ ಆಡಳಿತದ ಎಲ್ಲೆಯೊಳಗೆ ನಿಂತುದಲ್ಲ. ಹೊಲ ಒಂದು ಕಡೆ, ದುಡಿಮೆ ಇನ್ನೊಂದು ಕಡೆ, ಮಗಳನ್ನು ಕೊಟ್ಟ ಊರು ಮತ್ತೊಂದು ಕಡೆ. ಇಂತಹ ಮನೆಯಲ್ಲಿ ಪ್ರಾಪ್ತವಯಸ್ಕರಾದ ಒಬ್ಬರು ಚಿತ್ತಭ್ರಮೆಯಿಂದಲೋ, ಹುಟ್ಟಿನಿಂದ ಬಂದ ಬುದ್ಧಿಮಾಂದ್ಯದಿಂದಲೋ, ಮುಪ್ಪಿನ ಮರೆವಿನಿಂದಲೋ ತಮ್ಮ ವ್ಯವಹಾರವನ್ನು ತಾವು ನಡೆಸಲಾರದವರಾದರೆ, ಅವರ ಪರವಾಗಿ ಮಾತನಾಡುವ ಅಧಿಕಾರ ಯಾರದು? ಆ ಅಧಿಕಾರವನ್ನು ಕೊಡಬೇಕಾದ ನ್ಯಾಯಾಸನ ಯಾವುದು? ಅವರ ಹೊಲವಿರುವ ಊರಿನದೇ, ಅವರು ಮಲಗಿರುವ ಊರಿನದೇ, ಅಥವಾ ಮಕ್ಕಳಿರುವ ಊರಿನದೇ?

ಅಪ್ರಾಪ್ತ ವಯಸ್ಸಿನ ಮಕ್ಕಳ ಪಾಲಕತ್ವದ ಬಗೆಗೆ ಜನರಿಗೆ ಅಷ್ಟಿಷ್ಟು ತಿಳಿವಳಿಕೆಯುಂಟು. 1890ರ ಕಾಯಿದೆಯೊಂದು ಅದಕ್ಕೆ ಇಂದಿಗೂ ಆಧಾರವಾಗಿ ನಿಂತಿದೆ. ವಯಸ್ಕರ ಪಾಲಕತ್ವದ ಚರಿತ್ರೆಯಾದರೋ ಅಷ್ಟು ಸರಳವಲ್ಲ. ವಾಚಕರು ತುಸು ತಾಳ್ಮೆಯಿಂದ ಅದನ್ನು ಅವಲೋಕಿಸಬೇಕೆಂದು ಕೋರುತ್ತೇವೆ. ಏಕೆಂದರೆ ನಮ್ಮ ಅನೇಕ ಮನೆಗಳ ನೆಮ್ಮದಿ ಇದರೊಡನೆ ಹೆಣೆದುಕೊಂಡಿದೆ.

ಹಿಂದೂ ನ್ಯಾಯಶಾಸ್ತ್ರದ ಮಹಾಗ್ರಂಥವಾದ ಮಿತಾಕ್ಷರವು ನಮ್ಮ ನಾಡಿನಲ್ಲಿಯೇ ಹುಟ್ಟಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಉನ್ಮತ್ತರು, ಜಡರು, ಅಂಧರು, ಗುಣವಾಗದ ರೋಗಕ್ಕೆ ತುತ್ತಾದವರು ಕುಟುಂಬದ ಆಸ್ತಿಯಲ್ಲಿ ಪಾಲಿಗೆ ಅರ್ಹರಲ್ಲವೆಂಬುದು ಆ ಸ್ಮೃತಿಯ ಮತ. ಆದರೆ ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಸಾಕಬೇಕೆಂಬುದೂ, ನಿರ್ದೋಷಿಗಳಾದ ಅವರ ಮಕ್ಕಳಿಗೆ ಪಾಲು ಸಲ್ಲಬೇಕೆಂಬುದೂ ಅಲ್ಲಿಯೇ ವಿಹಿತವಾಗಿದೆ. ಅಂದರೆ ಪಾಲಿಲ್ಲ, ಪೋಷಣೆಯುಂಟು. ಇಲ್ಲಿ ಹೊಣೆ ಬಿದ್ದುದು ಮನೆಯ ಮೇಲೆ. ಮನೆ ಎಲ್ಲಿದ್ದರೆ ಹೊಣೆಯೂ ಅಲ್ಲಿಯೇ. ಆದುದರಿಂದ ಯಾವ ನ್ಯಾಯಾಸನಕ್ಕೆ ಹೋಗಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಪಾಲಿಲ್ಲವೆಂಬ ಕಠೋರತೆಯನ್ನು 1928ರ ಕಾಯಿದೆ ಬಹುಮಟ್ಟಿಗೆ ತೊಡೆಯಿತು. ಹುಟ್ಟಿನಿಂದಲೇ ಉನ್ಮತ್ತರೂ ಜಡರೂ ಆದವರಿಗೆ ಮಾತ್ರ ಉಳಿಸಿದ್ದ ನಿಷೇಧವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪೂರ್ತಿಯಾಗಿ ತೆಗೆದುಹಾಕಿತು. ಅಸಹಾಯನೂ ಆಸ್ತಿಗೆ ಒಡೆಯನಾದನು. ಒಡೆತನ ಬಂದೊಡನೆ, ಅದನ್ನು ಅವನ ಪರವಾಗಿ ಕಾಯುವವರು ಯಾರು ಎಂಬ ಪ್ರಶ್ನೆಯೂ ತೀವ್ರವಾಯಿತು.

ಅಷ್ಟರಲ್ಲಿ ಆಂಗ್ಲರು ತಂದ ವ್ಯವಸ್ಥೆಯೊಂದು ಬೇರೂರಿತ್ತು. 1799ರಲ್ಲಿ ಟೀಪುವಿನ ಪತನಾನಂತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತು. 1804ರಲ್ಲಿ ಮದ್ರಾಸಿನ ರೆಗ್ಯುಲೇಶನ್ನೊಂದು, ಅಪ್ರಾಪ್ತ ವಯಸ್ಕರಾದ ಮತ್ತು ಚಿತ್ತವಿಕಲರಾದ ಜಮೀನುದಾರರ ಹಿತರಕ್ಷಣೆಗಾಗಿ ಕೋರ್ಟ್ ಆಫ್ ವಾರ್ಡ್ಸ್ ಎಂಬ ಸಂಸ್ಥೆಯನ್ನು ನಿರ್ಮಿಸಿತು. 1858ರಲ್ಲಿ ಇಡೀ ಬ್ರಿಟಿಷ್ ಇಂಡಿಯಾದ ಜಿಲ್ಲಾ ನ್ಯಾಯಾಲಯಗಳಿಗೆ ಅನ್ವಯಿಸುವ 35ನೆಯ ಕಾಯಿದೆ ಬಂದಿತು. ಆಸ್ತಿಯುಳ್ಳವನೊಬ್ಬನು ಚಿತ್ತವಿಕಲನೆಂದು ಹೇಳಲ್ಪಟ್ಟರೆ, ಅವನು ವಾಸಿಸುವ ಸ್ಥಳದ ಮೇಲೆ ಅಧಿಕಾರವುಳ್ಳ ನ್ಯಾಯಾಲಯವು ವಿಚಾರಣೆ ನಡೆಸಿ, ಆಸ್ತಿಗೆ ವ್ಯವಸ್ಥಾಪಕನನ್ನೂ ದೇಹಕ್ಕೆ ಪಾಲಕನನ್ನೂ ನೇಮಿಸಬಹುದಾಯಿತು. ನಾಲ್ಕು ವರ್ಷಗಳ ತರುವಾಯ, 1862ರಲ್ಲಿ, ಉತ್ತರ ಕನ್ನಡವು ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಕಾಯಿದೆ ಅದೇ ಉಳಿಯಿತು. ಆದರೆ ಅಪೀಲಿನ ದಾರಿ ಮದ್ರಾಸಿನಿಂದ ತಿರುಗಿ, ಅದೇ ವರ್ಷ ಸ್ಥಾಪನೆಗೊಂಡ ಮುಂಬಯಿ ಉಚ್ಚ ನ್ಯಾಯಾಲಯದ ಕಡೆಗೆ ಸಾಗಿತು.

1858ರ ಕಾಯಿದೆಯ ತಿರುಳನ್ನೆಲ್ಲ 1912ರ ಇಂಡಿಯನ್ ಲೂನಸಿ ಕಾಯಿದೆ ತನ್ನೊಳಗೆ ತೆಗೆದುಕೊಂಡಿತು. ಹೆಸರು ಇಂದು ಕಿವಿಗೆ ಕಟುವೆನಿಸಿದರೂ ಅದರಲ್ಲಿ ಎರಡು ವಿವೇಕದ ನಿಯಮಗಳಿದ್ದವು. ಮೊದಲನೆಯದು, ಅಸಹಾಯನ ವಾರಸುದಾರನನ್ನು ಅವನ ದೇಹದ ಪಾಲಕನನ್ನಾಗಿ ನೇಮಿಸಕೂಡದು. ನೇಮಿಸುವುದೇ ಹಿತವೆಂದು ನ್ಯಾಯಾಲಯಕ್ಕೆ ತೋರಿದರೆ ಅದರ ಕಾರಣವನ್ನು ಬರೆದಿಡಬೇಕು. ಯಾರ ಮರಣದಿಂದ ತನಗೆ ಲಾಭವೋ ಅವನ ಪ್ರಾಣವನ್ನು ತನ್ನ ಕೈಗೆ ಕೊಡಬಾರದೆಂಬ ಲೋಕಾನುಭವ ಇದರ ಹಿಂದಿದೆ. ಎರಡನೆಯದು, ನ್ಯಾಯಾಲಯದ ಅಪ್ಪಣೆಯಿಲ್ಲದೆ ವ್ಯವಸ್ಥಾಪಕನು ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, 5 ವರ್ಷಗಳಿಗೆ ಮೀರಿ ಗೇಣಿಗೆ ಕೊಡುವಂತಿಲ್ಲ. ಆದರೆ ಇದೇ ಕಾಯಿದೆಯ ಒಂದು ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಪಾಲಕನನ್ನು ನೇಮಿಸುವ ಈ ವಿಚಾರಣೆಯ ಬಾಗಿಲು ತೆರೆಯುತ್ತಿದ್ದುದು ಆಸ್ತಿಯುಳ್ಳವನಿಗೆ ಮಾತ್ರ. ಬಡವನಿಗೆ ಹುಚ್ಚಾಸ್ಪತ್ರೆಯ ಬಾಗಿಲು ತೆರೆದಿತ್ತು. ಪಾಲಕನನ್ನು ಕೊಡುವ ನ್ಯಾಯಾಸನದ ಬಾಗಿಲು ತೆರೆದಿರಲಿಲ್ಲ.

ಇನ್ನು ಗಡಿಯ ಸಂಗತಿ. ಜೋಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್ ಬ್ರಿಟಿಷ್ ಇಂಡಿಯಾದ ಗಡಿಯ ರೈಲು ನಿಲ್ದಾಣ. ಅಲ್ಲಿಂದ ಘಟ್ಟ ಇಳಿದರೆ ಪೋರ್ಚುಗೀಸರ ರಾಜ್ಯ, ಪೋರ್ಚುಗೀಸರ ಕಾನೂನು. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ 1870ರಿಂದ ಗೋವೆಯಲ್ಲಿ ಜಾರಿಗೆ ಬಂದಿತ್ತು. ಅದರ ಪ್ರಕಾರ ಚಿತ್ತವಿಕಲನನ್ನು ನ್ಯಾಯಾಲಯವು ವ್ಯವಹಾರಕ್ಕೆ ಅನರ್ಹನೆಂದು ಘೋಷಿಸುತ್ತಿತ್ತು. ದುಂದುಗಾರನೂ ಹಾಗೆಯೇ ಘೋಷಿತನಾಗಬಹುದಿತ್ತು. ಪಾಲಕತ್ವದ ವಿಷಯದಲ್ಲಿ ಬಂಧುಗಳನ್ನೊಳಗೊಂಡ ಕುಟುಂಬ ಪರಿಷತ್ತಿಗೆ ಅಲ್ಲಿ ದೊಡ್ಡ ಸ್ಥಾನವಿತ್ತು. ಘಟ್ಟದ ಮೇಲೆ ನ್ಯಾಯಾಧೀಶನ ವಿಚಾರಣೆ, ಘಟ್ಟದ ಕೆಳಗೆ ಬಂಧುಗಳ ಪರಿಷತ್ತು. ನಡುವೆ ಒಂದೇ ಕಾಡು, ಒಂದೇ ಕೊಂಕಣಿ ಮಾತು, ಒಂದೇ ನೆಂಟಸ್ತಿಕೆ. ಪೂರ್ವದ ಕಡೆಗೂ ಗಡಿಗಳಿದ್ದವು. ಮುಂಡಗೋಡಿನಿಂದ ಅನತಿದೂರದ ಸವಣೂರು 1948ರವರೆಗೂ ನವಾಬರ ಸಂಸ್ಥಾನ. ಸಂಸ್ಥಾನಗಳ ನ್ಯಾಯಾಲಯಗಳು ಬ್ರಿಟಿಷ್ ಇಂಡಿಯಾದ ದೃಷ್ಟಿಯಲ್ಲಿ ವಿದೇಶೀ ನ್ಯಾಯಾಲಯಗಳು. ಕಾರವಾರದ ಆಜ್ಞೆ ತಾನಾಗಿಯೇ ಅಲ್ಲಿ ನಡೆಯುತ್ತಿರಲಿಲ್ಲ.

ಗಡಿಯೆಂಬುದು ಯಾವಾಗಲೂ ಅಸಹಾಯನಿಗೆ ಶತ್ರುವೆಂದು ಬಗೆಯಬಾರದು. ಹಳಿಯಾಳದ ಕಾಡುಗಳಲ್ಲಿ ನೆಲೆಸಿರುವ ಸಿದ್ದಿ ಬಂಧುಗಳ ಚರಿತ್ರೆ ಇದಕ್ಕೆ ಸಾಕ್ಷಿ. ಪೋರ್ಚುಗೀಸರು ಆಫ್ರಿಕದಿಂದ ದಾಸರನ್ನಾಗಿ ತಂದ ಜನರಲ್ಲಿ ಅನೇಕರು ಗೋವೆಯಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಕಂಪನಿಯ ರಾಜ್ಯದಲ್ಲಿ 1843ರ ಕಾಯಿದೆಯ ತರುವಾಯ ಯಾವ ನ್ಯಾಯಾಲಯವೂ ಮನುಷ್ಯನ ಮೇಲೆ ಮನುಷ್ಯನ ಒಡೆತನವನ್ನು ಮನ್ನಿಸುವಂತಿರಲಿಲ್ಲ. ಪೋರ್ಚುಗೀಸ್ ಆಡಳಿತ ದಾಸತ್ವವನ್ನು ರದ್ದುಗೊಳಿಸಿದ್ದು 1869ರಲ್ಲಿ. ನಡುವಣ 26 ವರ್ಷಗಳ ಕಾಲ ಆ ಗಡಿಯನ್ನು ದಾಟುವುದೆಂದರೆ ಒಂದು ನ್ಯಾಯದಿಂದ ಇನ್ನೊಂದು ನ್ಯಾಯಕ್ಕೆ ದಾಟುವುದಾಗಿತ್ತು. ನಿನ್ನ ರಕ್ಷಕ ನಾನೇ ಎಂದು ಹೇಳುವವನ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದೇ ಅಧಿಕಾರವ್ಯಾಪ್ತಿಯ ಪ್ರಶ್ನೆಯ ಮೂಲ. ವ್ಯಾಪ್ತಿಗೆ ಎಲ್ಲೆಯಿರಬೇಕಾದುದೂ ಈ ಕಾರಣದಿಂದಲೇ.

ಸ್ವಾತಂತ್ರ್ಯಾನಂತರ ಈ ಎಲ್ಲೆಗಳು ಮತ್ತೆ ಮತ್ತೆ ಕದಲಿದವು. 1956ರ ನವೆಂಬರ್ 1ರಂದು ಉತ್ತರ ಕನ್ನಡವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ, ಅಪೀಲಿನ ದಾರಿ ಬೆಂಗಳೂರಿಗೆ ತಿರುಗಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಂಡಿತು. ಆದರೆ ಅಲ್ಲಿಯ ಸಿವಿಲ್ ಸಂಹಿತೆಯನ್ನು 1962ರ ಕಾಯಿದೆ ಮುಂದುವರಿಸಿತು. 1982ರಲ್ಲಿ ಗೋವೆ ಮುಂಬಯಿ ಉಚ್ಚ ನ್ಯಾಯಾಲಯದ ವ್ಯಾಪ್ತಿಗೆ ಬಂದಿತು. ಇದರ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು: ಜೋಯಿಡಾ ಬಿಟ್ಟುಬಂದ ನ್ಯಾಯಾಲಯವನ್ನು 26 ವರ್ಷಗಳ ಮೇಲೆ ನೆರೆಯ ಗೋವೆ ಸೇರಿತು. 2008ರಲ್ಲಿ ಧಾರವಾಡದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಅದು ಖಾಯಂ ಆಯಿತು. ಒಂದೂವರೆ ಶತಮಾನದಲ್ಲಿ ಹಳಿಯಾಳದ ಒಂದೇ ಹೊಲದ ಅಪೀಲು ಮದ್ರಾಸು, ಮುಂಬಯಿ, ಬೆಂಗಳೂರು, ಧಾರವಾಡ ಎಂದು ನಾಲ್ಕು ನಗರಗಳನ್ನು ಕಂಡಿತು. ಆದರೆ ಮೊದಲ ವಿಚಾರಣೆಯ ಜಿಲ್ಲಾ ನ್ಯಾಯಾಲಯದ ಕೇಂದ್ರ ಕಾರವಾರವೇ. ಮುಂಡಗೋಡ, ಹಳಿಯಾಳಗಳ ರೋಗಿ ಚಿಕಿತ್ಸೆಗೆ ಹತ್ತಿರದ ಹುಬ್ಬಳ್ಳಿ ಧಾರವಾಡಗಳಿಗೆ ಹೋಗುತ್ತಾನೆ. ಅವನ ಜಿಲ್ಲೆಯ ನ್ಯಾಯವಾದರೋ ನೂರಕ್ಕೂ ಹೆಚ್ಚು ಕಿಲೋಮೀಟರು ದೂರ, ಘಟ್ಟದ ಕೆಳಗೆ, ಸಮುದ್ರದ ದಂಡೆಯಲ್ಲಿದೆ.

ಕಾನೂನು ಹಿಡಿದುಕೊಂಡ ಆಧಾರಸ್ತಂಭ "ವಾಸ" ಎಂಬ ಪದ. ಆ ಪದವೇ ಈ ನಾಡಿನಲ್ಲಿ ಅಲುಗಾಡಿತು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ದಾಂಡೇಲಿಗೆ ನಾನಾ ಕಡೆಯ ದುಡಿಮೆಗಾರರನ್ನು ತಂದಿತು. ಬಾಳೆಲ್ಲ ದಾಂಡೇಲಿಯಲ್ಲಿ, ಹೊಲಮನೆ ಬೇರೊಂದು ಸೀಮೆಯಲ್ಲಿ ಎಂಬ ಕುಟುಂಬಗಳು ಬೆಳೆದವು. ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪೇಟೆಯೇ ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾ ಆಯಿತು. ಮುಳುಗಿದ ಊರುಗಳ ಅನೇಕರು ರಾಮನಗರದಲ್ಲಿ ನೆಲೆ ಕಂಡರು. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದರು. ಅವರ ಬಂಧುಗಳು ಬೈಲಕುಪ್ಪೆಯಲ್ಲಿರಬಹುದು, ಧರ್ಮಶಾಲೆಯಲ್ಲಿರಬಹುದು, ಸಾಗರದಾಚೆಯೂ ಇರಬಹುದು. 1912ರ ಕಾಯಿದೆಯೂ ಅದರ ಬದಲಿಗೆ ಬಂದ 1987ರ ಮಾನಸಿಕ ಆರೋಗ್ಯ ಕಾಯಿದೆಯೂ ಕೇಳಿದುದು ವಾಸವನ್ನು, ಪೌರತ್ವವನ್ನಲ್ಲ ಎಂಬುದು ಇಂಥವರ ಪಾಲಿಗೆ ದೊಡ್ಡ ಆಸರೆಯಾಗಿತ್ತು.

ಇಂದಿನ ಸ್ಥಿತಿಯೇನು? 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳವರಿಗೆ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಾನಿಕ ಸಮಿತಿಯ ಮೂಲಕ ಪಾಲಕರನ್ನು ನೇಮಿಸುವ ಏರ್ಪಾಡು ಮಾಡಿತು. ಆಸ್ತಿಯುಂಟೇ ಎಂಬ ಹಳೆಯ ಪ್ರಶ್ನೆ ಅಲ್ಲಿ ಬಾಗಿಲು ಕಾಯುತ್ತಿಲ್ಲ. ಇದು ದೊಡ್ಡ ಮುನ್ನಡೆ. ನೇಮಕಗೊಂಡ ಪಾಲಕನು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕವನ್ನೂ ತನ್ನನ್ನು ನೇಮಿಸಿದ ಅಧಿಕಾರಿಗಳಿಗೇ ಒಪ್ಪಿಸಬೇಕು. ಪಾಲಿತನು ಗೋವೆಗೆ ಹೋದರೂ ಲೆಕ್ಕ ಕಾರವಾರಕ್ಕೇ ಬರಬೇಕೆಂಬುದು ಇದರ ಫಲಿತಾರ್ಥ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ವ್ಯಕ್ತಿಯೊಡನೆ ಸಮಾಲೋಚಿಸಿಯೇ ನಿರ್ಣಯ ಕೈಗೊಳ್ಳುವ "ಸೀಮಿತ ಪಾಲಕತ್ವ"ವನ್ನು ತಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಲ್ಲಿ ಜಾರಿಗೆ ಬಂದು 1987ರ ಕಾಯಿದೆಯನ್ನು ತೆಗೆದುಹಾಕಿತು. ರೋಗಿಯ ಘನತೆಯನ್ನು ಎತ್ತಿಹಿಡಿದ ಶ್ಲಾಘ್ಯ ಕಾಯಿದೆಯದು. ಆದರೆ ಆಸ್ತಿಗೆ ವ್ಯವಸ್ಥಾಪಕನನ್ನು ನೇಮಿಸಲು 1858ರಿಂದ ಜಿಲ್ಲಾ ನ್ಯಾಯಾಲಯಕ್ಕಿದ್ದ ಆ ಹಳೆಯ ದಾರಿ ಅದರಲ್ಲಿಲ್ಲ.

ಸ್ಮೃತಿತಪ್ಪಿ ಕೋಮಾದಲ್ಲಿ ಮಲಗಿದವರ ಮಡದಿಮಕ್ಕಳಿಗೆ ಈಗ ಉಳಿದಿರುವುದು ಉಚ್ಚ ನ್ಯಾಯಾಲಯದ ಮೊರೆ. ದಿಕ್ಕಿಲ್ಲದವರಿಗೆ ರಾಜನೇ ತಂದೆಯೆಂಬ ಹಳೆಯ ತತ್ತ್ವದ ಮೇಲೆ, ಸಂವಿಧಾನದ 226ನೆಯ ವಿಧಿಯ ಅಧಿಕಾರದಿಂದ ಉಚ್ಚ ನ್ಯಾಯಾಲಯಗಳು ಇಂತಹ ಪಾಲಕರನ್ನು ನೇಮಿಸುತ್ತ ಬಂದಿವೆ. 2019ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ವೈದ್ಯಮಂಡಳಿಯ ಪರೀಕ್ಷೆ, ಕಂದಾಯ ಅಧಿಕಾರಿಯ ವರದಿ ಮೊದಲಾದ ಕ್ರಮಗಳನ್ನು ವಿಧಿಸಿ ಮಾರ್ಗಸೂಚಿಯನ್ನೇ ರೂಪಿಸಿತು. 1963ರ ತಿದ್ದುಪಡಿಯ ತರುವಾಯ, ವ್ಯಾಜ್ಯಕಾರಣದ ಒಂದಂಶ ತನ್ನ ಸೀಮೆಯೊಳಗೆ ಹುಟ್ಟಿದ್ದರೂ ಉಚ್ಚ ನ್ಯಾಯಾಲಯ ವಿಚಾರಿಸಬಹುದು. ಎರಡು ರಾಜ್ಯಗಳಲ್ಲಿ ಹಂಚಿಹೋದ ಕುಟುಂಬಕ್ಕೆ ಎರಡು ಬಾಗಿಲುಗಳು ತೆರೆದಂತಾಯಿತು. ಎರಡು ಬಾಗಿಲುಗಳೆಂದರೆ ಅನುಕೂಲವೂ ಹೌದು, ಕಲಹಕ್ಕೆ ಅವಕಾಶವೂ ಹೌದು.

ಈ ಸಂದರ್ಭದಲ್ಲಿ ನಮ್ಮ ಜಿಲ್ಲೆಯವರೇ ಆದ ಅರುಣಾ ಶಾನಭಾಗರನ್ನು ನೆನೆಯದಿರಲಾಗದು. ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆ 1973ರ ನವೆಂಬರಿನಲ್ಲಿ ಅಮಾನುಷ ಹಲ್ಲೆಗೆ ಗುರಿಯಾಗಿ ಎಚ್ಚರ ಕಳೆದುಕೊಂಡರು. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, 41 ವರ್ಷಗಳಿಗೂ ಮಿಕ್ಕಿ, ಅದೇ ಆಸ್ಪತ್ರೆಯ ದಾದಿಯರು ಆಕೆಯನ್ನು ಸಾಕಿದರು. ಲೇಖಕಿಯೊಬ್ಬರು ಆಕೆಯ ಪರವಾಗಿ ಆಪ್ತಮಿತ್ರರೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಕೃತಕ ಪೋಷಣೆಯನ್ನು ನಿಲ್ಲಿಸಬೇಕೆಂದು ಬೇಡಿದರು. ಆ ಲೇಖಕಿಯ ಕಳಕಳಿ ಪ್ರಾಮಾಣಿಕವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯವು, ಹಗಲಿರುಳು ಉಣಿಸಿ, ಮೀಯಿಸಿ, ಮಗ್ಗುಲು ತಿರುಗಿಸಿದ ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ನಿಜವಾದ ಆಪ್ತರು ಎಂದು ಮನ್ನಿಸಿತು. ಅವರಿಗೆ ಬೇಕಾಗಿದ್ದುದು ಆಕೆಯ ಬದುಕು. ಇಂತಹ ಸಂದರ್ಭಗಳಲ್ಲಿ ಸಂಬಂಧಿಗಳು ಮಾತ್ರವೇ ನಿರ್ಣಯಿಸುವಂತಿಲ್ಲ, ಉಚ್ಚ ನ್ಯಾಯಾಲಯದ ಒಪ್ಪಿಗೆ ಅಗತ್ಯವೆಂದೂ ಆ ತೀರ್ಪು ವಿಧಿಸಿತು. ಈ ಕ್ರಮವನ್ನು 2018ರ ಸಂವಿಧಾನ ಪೀಠದ ತೀರ್ಪು ಬದಲಿಸಿತು. ಆದರೆ ಆಪ್ತರಾರು ಎಂಬುದಕ್ಕೆ ಅಂದು ದೊರೆತ ಉತ್ತರದ ಬೆಳಕು ಮಾಸಿಲ್ಲ. ತವರು ಕರ್ನಾಟಕ, ಹಾಸಿಗೆ ಮಹಾರಾಷ್ಟ್ರ. ನ್ಯಾಯ ನೋಡಿದುದು ಹಾಸಿಗೆಯ ಕಡೆಗೆ, ಅದರ ಬಳಿ ನಿಂತವರ ಕಡೆಗೆ.

ಈ ಬೆಳಕಿನಲ್ಲಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜೋಯಿಡಾದಲ್ಲಿ ಹೊಲವುಳ್ಳ ಒಬ್ಬ ವಿಧವೆ ತಾಯಿ. ಮುಪ್ಪಿನ ಮರೆವು ಆಕೆಯನ್ನು ಆವರಿಸಿದೆ. ಮಗ ಮಡಗಾಂವದಲ್ಲಿ, ಮಗಳು ಧಾರವಾಡದಲ್ಲಿ. ತಾಯಿಯ ಬುದ್ಧಿ ಸ್ಥಿರವಿದ್ದಾಗ ಬರೆಸಿಕೊಂಡ ಮುಖತ್ಯಾರ ಪತ್ರ ತನ್ನಲ್ಲಿದೆಯೆಂದು ಮಗ ನಂಬಿದ್ದಾನೆ. ಆದರೆ 1872ರ ಕರಾರು ಕಾಯಿದೆಯಂತೆ, ಬರೆದುಕೊಟ್ಟವರ ಬುದ್ಧಿ ವಿಕಲವಾದೊಡನೆ ಅಂತಹ ಅಧಿಕಾರ ಕೊನೆಗೊಳ್ಳುತ್ತದೆಂಬುದು ಅನೇಕರಿಗೆ ತಿಳಿಯದು. ಮಗ ತಾಯಿಯನ್ನು ಗೋವೆಗೆ ಕರೆದೊಯ್ದರೆ ಆಕೆಯ ವಾಸ ಎಷ್ಟು ದಿನಗಳಲ್ಲಿ ಗೋವೆಯದಾಗುತ್ತದೆ? ಮಗಳು ಮರಳಿ ಕರೆತಂದರೆ ಎಷ್ಟು ದಿನಗಳಲ್ಲಿ ಕರ್ನಾಟಕದ್ದಾಗುತ್ತದೆ? ವಯಸ್ಕರ ಪಾಲಕತ್ವದ ವಿಷಯದಲ್ಲಿ ನಮ್ಮ ಯಾವ ಕಾಯಿದೆಯೂ ಇದಕ್ಕೆ ದಿನಗಳ ಲೆಕ್ಕವನ್ನು ಕೊಟ್ಟಿಲ್ಲ. ಗೋವೆಯ ನಿವಾಸಿಯ ಉತ್ತರಾಧಿಕಾರಕ್ಕೆ, ಅವನ ಆಸ್ತಿ ಗೋವೆಯ ಹೊರಗಿದ್ದರೂ, ಅಲ್ಲಿಯ ಸಂಹಿತೆಯೇ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಮಾನಿಸಿತು. ಅದು ಪಾಲಕತ್ವದ ತೀರ್ಪಲ್ಲ, ನಿಜ. ಆದರೂ ವಾಸ ಬದಲಿಸಿ ನೆಲೆ ಬದಲಾಯಿತೆಂದು ವಾದಿಸುವವರಿಗೆ ಎಷ್ಟು ದೊಡ್ಡ ಆಮಿಷ ಕಾದಿದೆಯೆಂಬುದನ್ನು ಅದು ತೋರಿಸುತ್ತದೆ. ತಾಯಿಯನ್ನು ಯಾರು ಒಯ್ದರೋ ನ್ಯಾಯಾಲಯವನ್ನೂ ಅವರೇ ಒಯ್ದಂತೆ ಆಗಬಾರದು.

ಹೊರನಾಡುಗಳು ಈ ತೊಡಕನ್ನು ಕಂಡು ನಿಯಮ ಕಟ್ಟಿವೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಪಾಲಕತ್ವದ ಕಾನೂನು. ಮುದುಕರನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ದು ಎರಡೆರಡು ಆಜ್ಞೆಗಳನ್ನು ಪಡೆಯುವುದನ್ನು ತಡೆಯಲು 2007ರಲ್ಲಿ ಅಲ್ಲಿ ಏಕರೂಪದ ಮಾದರಿ ಕಾಯಿದೆ ರಚಿತವಾಯಿತು. ಅರ್ಜಿಗೆ ಮುಂಚೆ ವ್ಯಕ್ತಿ ಸತತವಾಗಿ 6 ತಿಂಗಳು ಇದ್ದ ರಾಜ್ಯವೇ ಅವನ "ತವರು ರಾಜ್ಯ". ಮೊದಲ ಅಧಿಕಾರ ಅದರದೇ. ಬಹುಪಾಲು ರಾಜ್ಯಗಳು ಇದನ್ನು ಅಂಗೀಕರಿಸಿವೆ. ದೇಶದೇಶಗಳ ನಡುವಣ ಪ್ರಕರಣಗಳಿಗಾಗಿ 2000ದಲ್ಲಿ ರಚಿತವಾಗಿ 2009ರಿಂದ ಜಾರಿಯಲ್ಲಿರುವ ಹೇಗ್ ಒಪ್ಪಂದವೂ ವ್ಯಕ್ತಿಯ ರೂಢಿಯ ವಾಸಸ್ಥಾನವನ್ನೇ ಮೊದಲು ನೋಡುತ್ತದೆ. ಭಾರತ ಅದಕ್ಕೆ ಸೇರಿಲ್ಲ. ನಮ್ಮ ಸಂವಿಧಾನದ 261ನೆಯ ವಿಧಿ ಒಂದು ರಾಜ್ಯದ ನ್ಯಾಯಾಂಗದ ನಡವಳಿಗಳಿಗೆ ದೇಶದ ಎಲ್ಲೆಡೆಯೂ ಮಾನ್ಯತೆ ಕೊಟ್ಟಿದೆ. ಕಾರವಾರದ ಆಜ್ಞೆಯನ್ನು ಮಡಗಾಂವ ಗೌರವಿಸಬೇಕು. ಸಂಸ್ಥಾನಗಳ ಕಾಲದ ತೊಡಕು ಇಂದಿಲ್ಲ. ಕೊರತೆಯಿರುವುದು ಮೊದಲ ಆಜ್ಞೆಯನ್ನು ಯಾರು ಕೊಡಬೇಕೆಂಬುದರಲ್ಲಿ.

ಶಾಸನಕರ್ತರು ಆ ಕೊರತೆಯನ್ನು ತುಂಬುವವರೆಗೆ ಗೃಹಸ್ಥರು ಮಾಡಬಹುದಾದ ಕೆಲಸಗಳುಂಟು. ಅರ್ಜಿಯನ್ನು ಅಸಹಾಯರು ನಿಜವಾಗಿ ಬಾಳುತ್ತಿದ್ದ ಊರಿನ ನ್ಯಾಯಾಲಯದಲ್ಲಿಯೇ ಹಾಕಬೇಕು. ಎಲ್ಲ ಒಡಹುಟ್ಟಿದವರ ಹೆಸರನ್ನೂ ಅದರಲ್ಲಿ ಕಾಣಿಸಬೇಕು. ಬೇರೆ ರಾಜ್ಯದಲ್ಲಿರುವ ಆಸ್ತಿಯನ್ನು ಮುಚ್ಚಿಡಬಾರದು. ಬುದ್ಧಿ ಸ್ಥಿರವಿರುವಾಗಲೇ, ಮಾನಸಿಕ ರೋಗದ ಆರೈಕೆಯ ಮಟ್ಟಿಗೆ ತಮ್ಮ ಪರವಾಗಿ ನಿರ್ಣಯಿಸುವವರು ಯಾರೆಂಬುದನ್ನು 2017ರ ಕಾಯಿದೆಯಂತೆ ಸಾದಾ ಕಾಗದದ ಮೇಲೆ ಬರೆದು, ರುಜು ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ ಇಡಬಹುದು. ಅದಕ್ಕೆ ನ್ಯಾಯಾಲಯವೂ ಬೇಡ, ಖರ್ಚೂ ಇಲ್ಲ. ಅದು ಆಸ್ತಿಗೆ ಸಲ್ಲುವ ಪತ್ರವಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಇದುವರೆಗಿನ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸ್ಮೃತಿಕಾರರು ಪಾಲನ್ನು ನಿರಾಕರಿಸಿದರೂ ಪೋಷಣೆಯನ್ನು ಮನೆಗೆ ಕಟ್ಟಿದರು. ಆಂಗ್ಲರ ಕಾನೂನು ಆಸ್ತಿಯನ್ನು ನೋಡಿದ ಮೇಲೆ ಮನುಷ್ಯನನ್ನು ನೋಡಿತು. ಇಂದಿನ ಕಾನೂನು ಮನುಷ್ಯನನ್ನು ಮೊದಲು ನೋಡಲು ಕಲಿತಿದೆ. ಆದರೆ ಅವನು ಗಡಿ ದಾಟಿದಾಗ ಅವನ ಹಿಂದೆ ಹೋಗಲು ಇನ್ನೂ ಕಲಿತಿಲ್ಲ. ಅವರು ಇಂದು ಎಲ್ಲಿ ಉಣ್ಣುತ್ತಾರೆ, ಯಾರ ಕೈಯಿಂದ ಉಣ್ಣುತ್ತಾರೆ, ಆ ಕೈಗೆ ಅವರ ಬದುಕು ಬೇಕೋ ಆಸ್ತಿ ಬೇಕೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬಲ್ಲ ನ್ಯಾಯಾಸನವೇ ಅವರ ನ್ಯಾಯಾಸನ. ಹಳಿಯಾಳದ ತಾಯಿಗೂ ಮುಂಡಗೋಡಿನ ನಿರಾಶ್ರಿತನಿಗೂ ಅಂತಹ ನ್ಯಾಯಾಸನ ಕೈಗೆಟಕುವ ದೂರದಲ್ಲಿ ದೊರೆಯುವಂತೆ ಕಾನೂನು ಬೆಳೆಯಲಿ ಎಂದು ಹಾರೈಸುತ್ತೇವೆ.